ಕೂತಮ್ಮನ ಬಿಲ್ಲೆ

ಹಳೇನಗರ, ಭದ್ರಾವತಿ
೧೨ ಸೆಪ್ಟೆಂಬರ್ ೨೦೨೪

ಮಲ್ಲೇಶ,

ನಿನ್ನೆ ನಾನು ಸೋಗಾನೆಯ ಜೈಲಿನವರೆಗೂ ಬಂದಿದ್ದೆ. ಹೆಸರು ಬರೆಸಿ, ಆಧಾರ್ ಕಾರ್ಡು ತೋರಿಸಿ, ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಪೇದೆಯೊಬ್ಬ ಬಂದು, "ಅಮ್ಮ, ನಿಮ್ಮ ಮಗ ಬರಲ್ಲ ಅಂತಿದಾನೆ, ನೀವು ಹೊರಡಿ" ಅಂದ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಆಮೇಲೆ ನಡಿಗೆ. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಬಂದ ಮುದುಕಿಗೆ ಮುಖ ತೋರಿಸಲು ನಿನಗೆ ಏನು ಕಷ್ಟವಾಗಿತ್ತು? ಹೋಗಲಿ. ಕಾಗದ ಓದುವುದಕ್ಕೆ ಮುಖ ತೋರಿಸಬೇಕಾಗಿಲ್ಲ. ಜೀವಮಾನವೆಲ್ಲ ಕನ್ನಡ ಶಾಲೆಯ ಮಕ್ಕಳ ಕಾಪಿ ತಿದ್ದಿದವಳು ನಾನು, ಬರೆಯಲು ನನಗೆ ಬೇಸರವಿಲ್ಲ.

ನಿನ್ನ ಸುದ್ದಿ ಪೇಪರಿನಲ್ಲಿ ಬಂತು. "ನಕಲಿ ನಾಣ್ಯ ಮಾರಲು ಯತ್ನ, ಇಬ್ಬರ ಬಂಧನ." ನಮ್ಮ ಕಡೆ ಇದು ಹೊಸ ಸುದ್ದಿಯಲ್ಲವಲ್ಲ. ಮನೆಯ ಪಾಯ ತೋಡುವಾಗ ಹಳೆಯ ನಾಣ್ಯ ಸಿಕ್ಕಿತು ಅಂತ ಹೇಳಿ, ಪರವೂರಿನವರನ್ನು ಕರೆಸಿ, ಹಿತ್ತಾಳೆ ಮಾರಿ ಓಡಿಹೋಗುವವರ ಸುದ್ದಿ ತಿಂಗಳಿಗೊಂದು ಬರುತ್ತದೆ. ನಾನೂ ಓದಿ ನಕ್ಕವಳೇ. ಈ ಸಲ ಆ ಸುದ್ದಿಯಲ್ಲಿ ನಿನ್ನ ಹೆಸರಿತ್ತು, ಊರಿನವರು ನಕ್ಕರು. ನಿನ್ನ ಸ್ಕೂಲ್ ವ್ಯಾನಿಗೆ ಮಕ್ಕಳನ್ನು ಕಳಿಸುತ್ತಿದ್ದವರು ಮಾರನೆಯ ದಿನವೇ ಬೇರೆ ವ್ಯಾನು ಗೊತ್ತು ಮಾಡಿಕೊಂಡರು ಅಂತ ಸುಮನಾ ಹೇಳಿದಳು. ನಿನ್ನ ಹೆಂಡತಿ ಅಳುವುದಿಲ್ಲ, ಗೊತ್ತಲ್ಲ. ಪಾತ್ರೆ ಜೋರಾಗಿ ಇಡುತ್ತಾಳೆ, ಅಷ್ಟೇ.

ಇನ್ನು ಮುಂದಿನದು ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ಯಾಕೆಂದರೆ ಕೈದಿಗಳಿಗೆ ಬರುವ ಕಾಗದವನ್ನು ಮೊದಲು ಅಧಿಕಾರಿಗಳು ಓದುತ್ತಾರಂತೆ. ಓದಲಿ. ನೀನು ಒಯ್ದ ಆ ಬಿಲ್ಲೆಗಳು ನಕಲಿಯಲ್ಲ. ನನ್ನ ಅವ್ವನ ಅಜ್ಜಿ ಹೊಳೆಹೊನ್ನೂರಿನಲ್ಲಿ ಒಲೆ ಹಾಕಲೆಂದು ಭದ್ರಾ ದಂಡೆಯಲ್ಲಿ ಜೇಡಿಮಣ್ಣು ಅಗೆಯುವಾಗ ಒಂದು ಕುಡಿಕೆ ಸಿಕ್ಕಿತು. ಅದರ ತುಂಬ ಬೆಳ್ಳಿಯ ಬಿಲ್ಲೆಗಳು. ಅವಳು ಅದನ್ನು ಗಂಡಸರಿಗೆ ಕೊಡಲಿಲ್ಲ. ಮನೆಯ ಹೆಣ್ಣುಮಗಳು ಗಂಡನ ಮನೆಗೆ ಹೊರಡುವಾಗ ಮಡಿಲಿಗೆ ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು, ಎಲೆ ಅಡಿಕೆಯ ಜೊತೆ ಒಂದು ಬಿಲ್ಲೆ ಹಾಕಿ ಕಳಿಸುತ್ತಿದ್ದಳು. ಹಾಗೆ ಅವು ಹೆಂಗಸರ ಮಡಿಲಿನಿಂದ ಮಡಿಲಿಗೆ ಬಂದವು. ಕೊನೆಗೆ ಉಳಿದ ನಾಲ್ಕು, ಸಂಚಿಯೊಂದರಲ್ಲಿ, ನನ್ನ ಕೈ ಸೇರಿದವು. ಒಂದು ಕಡೆ ಎಲೆಯ ದಂಡೆ ಕಟ್ಟಿಕೊಂಡ, ದೊಡ್ಡ ಮೂಗಿನ ಗಂಡಸು, ಅವನು ಮೂಗಪ್ಪ. ಇನ್ನೊಂದು ಕಡೆ ಕುರ್ಚಿಯ ಮೇಲೆ ಕೂತ ಹೆಂಗಸು, ಅವಳು ಕೂತಮ್ಮ. ಅವಳ ಒಂದು ಕೈಯಲ್ಲಿ ಭತ್ತದ ತೆನೆ, ಇನ್ನೊಂದರಲ್ಲಿ ಒನಕೆ. ಮೂಗಪ್ಪ ದಂಡೆ ಕಟ್ಟಿಕೊಂಡು ಮದುವೆಗೆ ಅಂತ ಹೊರಟವನು ದಾರಿ ತಪ್ಪಿದ, ಕೂತಮ್ಮ ಅವನಿಗೆ ಕಾಯುತ್ತ ಕೂತಳು ಅಂತ ನನ್ನ ಅವ್ವ ಕತೆ ಹೇಳುತ್ತಿದ್ದಳು. ನಿನಗೂ ಅದನ್ನೇ ಹೇಳಿ ಅನ್ನ ತಿನ್ನಿಸಿದ್ದೇನೆ.

ಮೊಮ್ಮಗಳು ರಕ್ಷಾಳ ಮದುವೆಯೊಳಗೆ ಈ ಮೂಗಪ್ಪ ಯಾರು ಅಂತ ಕೇಳಿಕೊಂಡು ಬಾ ಅಂತ ನಿನ್ನನ್ನು ಕಳಿಸಿದವಳು ನಾನು. ಇದನ್ನೂ ಓದುವವರು ಓದಲಿ.

ಊಟ ಬಿಡಬೇಡ.

ಅವ್ವ

*

ಶಿವಮೊಗ್ಗ
೨೪ ಸೆಪ್ಟೆಂಬರ್ ೨೦೨೪

ಅವ್ವ,

ನೀನು ಬಂದ ದಿನ ನಾನು ಬ್ಯಾರಕ್ಕಿನ ಬಾಗಿಲವರೆಗೂ ಬಂದೆ. ಅಲ್ಲಿಂದ ಕಾಲು ಮುಂದೆ ಬರಲಿಲ್ಲ. ಸಂದರ್ಶನದ ಕೋಣೆಯಲ್ಲಿ ಜಾಳಿಗೆಯ ಆಚೆ ನೀನು, ಈಚೆ ನಾನು. ನಿನ್ನನ್ನು ಹಾಗೆ ನೋಡಲು ನನ್ನಿಂದ ಆಗುವುದಿಲ್ಲ. ಬೈಯಬೇಡ.

ಆವತ್ತು ನಡೆದದ್ದು ಇಷ್ಟು. ಹಳೆಯ ನಾಣ್ಯದವರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಪರಿಚಯವಾದ. ಫೋಟೋ ಕಳಿಸಿದೆ. "ಫೋಟೋದಲ್ಲಿ ಗೊತ್ತಾಗಲ್ಲ ಗುರುವೇ, ಕೈಯಲ್ಲಿ ಹಿಡಿದು ನೋಡ್ಬೇಕು" ಅಂತ ಶಿವಮೊಗ್ಗದ ಒಂದು ಲಾಡ್ಜಿಗೆ ಕರೆದ. ಸಂಚಿಯಲ್ಲಿದ್ದ ನಾಲ್ಕನ್ನೂ ತೆಗೆದುಕೊಂಡು ಹೋದೆ. ಮಂಚದ ಮೇಲೆ ಅವನ ಚೀಲವಿತ್ತು, ಅದರ ತುಂಬ ಹಿತ್ತಾಳೆಯ ನಾಣ್ಯಗಳು. ಅದನ್ನು ನೋಡಿ ಎದ್ದು ಬರಬೇಕು ಅನ್ನುವಷ್ಟರಲ್ಲಿ ಪೊಲೀಸರು ಒಳಗೆ ಬಂದರು. ಅವರು ಕಾದಿದ್ದು ಅವನಿಗೆ. ಸಿಕ್ಕಿದ್ದು ಇಬ್ಬರು.

ನಮ್ಮ ಬಿಲ್ಲೆಗಳನ್ನು ಇನ್‌ಸ್ಪೆಕ್ಟರು ಅಂಗೈ ಮೇಲೆ ಹಾಕಿಕೊಂಡು ನೋಡಿದರು. ಕೆಟ್ಟವರಲ್ಲ, ಕೂಗಾಡಲಿಲ್ಲ. "ಹಳೇ ಕಾಲದ್ದು ಇಷ್ಟು ಹೊಳೀತದಾ? ಬೆಸುಗೆ ಹಾಕಿದ್ದು ಕಾಣ್ತಿದೆ ನೋಡಪ್ಪ" ಅಂದರು. ಹೊಳೆಯುತ್ತಿದ್ದದ್ದು ನಿಜ.

ಇಲ್ಲಿ ಎಲ್ಲರೂ ನನ್ನನ್ನು ನಾಣ್ಯ ಅಂತಲೇ ಕರೆಯುತ್ತಾರೆ. ರಕ್ಷಾಗೆ ಹೇಳು, ಗಂಡಿನ ಕಡೆಯವರ ಮುಂದೆ ತಲೆ ತಗ್ಗಿಸಬಾರದು ಅಂತ. ಹೇಗೆ ಹೇಳುತ್ತೀಯೋ ಗೊತ್ತಿಲ್ಲ.

ಮಲ್ಲೇಶ

*

ಭದ್ರಾವತಿ
೬ ಅಕ್ಟೋಬರ್ ೨೦೨೪

ಮಲ್ಲೇಶ,

ಹೊಳೆಯುತ್ತಿದ್ದದ್ದು ಯಾಕೆ ಅಂತ ನನಗೆ ಗೊತ್ತು. ಸಂಚಿಯ ನಾಲ್ಕನ್ನೂ ನಾನೇ ಯುಗಾದಿಯ ಆಸುಪಾಸಿನಲ್ಲಿ ನಮ್ಮ ಬೆಳ್ಳಿ ಕೆಲಸದ ಲೋಹಿತನಿಗೆ ಕೊಟ್ಟಿದ್ದೆ. ಪ್ರತಿಯೊಂದರ ಮೇಲೂ ಮೂಗಪ್ಪನ ಕೆನ್ನೆಗೆ ಉಳಿಯಲ್ಲಿ ಹೊಡೆದಂಥ ಗಾಯ ಇತ್ತಲ್ಲ. ಭಿನ್ನವಾದ ಮುಖವನ್ನು ಮದುಮಗಳ ಮಡಿಲಿಗೆ ಹಾಕುವುದು ಹೇಗೆ ಅಂತ ನನ್ನ ತಲೆಗೆ ಹೊಕ್ಕಿತು. ನನ್ನ ಅವ್ವ ಹಾಗೇ ಹಾಕಿದ್ದಳು. ಅವಳಿಗಿಂತ ನಾನು ಹೆಚ್ಚು ತಿಳಿದವಳಲ್ಲವೇ, ಟೀಚರು. ಲೋಹಿತ ಗಾಯಕ್ಕೆ ಬೆಳ್ಳಿ ತುಂಬಿ ಬೆಸೆದು, ಉಜ್ಜಿ, ಮೆರುಗು ಹಾಕಿ ಕೊಟ್ಟ. ಎಷ್ಟು ಚೆನ್ನಾಗಿ ಮಾಡಿದ ಅಂದರೆ ನಾನು ಅವನಿಗೆ ಹೋಳಿಗೆ ಕಳಿಸಿದೆ.

ನನ್ನ ಮಡಿಲಿಗೆ ಬಂದ ಒಂದು ಮಾತ್ರ ದೇವರ ಜಗಲಿಯಲ್ಲಿತ್ತು. ಅದು ನನ್ನ ಜೊತೆಗೇ ಮಣ್ಣಿಗೆ ಹೋಗಲಿ ಅಂತ ಇಟ್ಟುಕೊಂಡದ್ದು, ಲೋಹಿತನಿಗೆ ಕೊಡಲಿಲ್ಲ. ಹಾಗೇ ಕಪ್ಪಗಿದೆ, ಗಾಯವೂ ಹಾಗೇ ಇದೆ. ಮೊನ್ನೆ ಅದನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು ಶಿವಮೊಗ್ಗಕ್ಕೆ ಹೋದೆ. ವಿದ್ಯಾನಗರದಲ್ಲಿ ಷಡಕ್ಷರಪ್ಪ ಅಂತ ಇದ್ದಾರೆ, ಕಾಲೇಜಿನಲ್ಲಿ ಚರಿತ್ರೆ ಹೇಳುತ್ತಿದ್ದವರು, ನಮ್ಮ ಲಿಂಗಮ್ಮ ಟೀಚರ ತಮ್ಮ. ಬಿಲ್ಲೆಯನ್ನು ಕನ್ನಡಕದ ಹತ್ತಿರ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದರು. ಆಮೇಲೆ ಹೆಂಡತಿಯನ್ನು ಕರೆದು, "ಟೀಚರಿಗೆ ಕಾಫಿ ತಾರೇ ಮಾರಾಯ್ತಿ, ಮನೆಗೆ ಯಾರು ಬಂದಿದಾರೆ ನೋಡು" ಅಂದರು. ಯಾರು ಬಂದದ್ದು ಅಂದರೆ ನಾನಲ್ಲ, ಮೂಗಪ್ಪ.

ಅವನು ರೋಮ್ ದೇಶದ ಚಕ್ರವರ್ತಿಯಂತೆ. ತಿಬೇರಿಯಸ್. ಮೆಣಸು ಕೊಳ್ಳಲು ಹಡಗಿನಲ್ಲಿ ಬಂದವರು ಇಂಥ ಬೆಳ್ಳಿ ತರುತ್ತಿದ್ದರಂತೆ. ಅದು ಮದುವೆಯ ದಂಡೆಯಲ್ಲ, ಗೆದ್ದವರಿಗೆ ಕಟ್ಟುವ ಎಲೆ. ಸಂಚಿಯಲ್ಲಿದ್ದ ಇನ್ನೊಂದು ಬಗೆಯದನ್ನು, ಗುರಾಣಿ ಹಿಡಿದು ನಿಂತ ಇಬ್ಬರು ಹುಡುಗರದ್ದನ್ನು, ಬಾಯಲ್ಲಿ ವರ್ಣಿಸಿದೆ. ಅವರು ಅಗಸ್ಟಸ್ ಎಂಬ ದೊರೆ ಮಕ್ಕಳಾಗಿ ಸಾಕಿಕೊಂಡ ಮೊಮ್ಮಕ್ಕಳಂತೆ. ಇಬ್ಬರೂ ಪಟ್ಟಕ್ಕೆ ಬರುವ ಮೊದಲೇ ಒಬ್ಬನ ಹಿಂದೆ ಒಬ್ಬ ಹೋದರಂತೆ. ಅವರು ಹೋದ ಮೇಲೂ ನಾಣ್ಯದ ಮೇಲೆ ಗುರಾಣಿ ಹಿಡಿದು ನಿಂತೇ ಇದ್ದರು. ಆ ಹುಡುಗರ ತಲೆಯ ಮೇಲೆ ಒಂದು ಸೌಟು ಇದೆ ಅಂತ ನನ್ನ ಅಜ್ಜಿ ಹೇಳುತ್ತಿದ್ದಳು, ನಾವು ನಗುತ್ತಿದ್ದೆವು. ಅದು ಸೌಟೇ ಅಂತೆ, ಪೂಜಾರಿಗಳು ಬಳಸುವಂಥದ್ದು. ಅಜ್ಜಿ ಇದ್ದಿದ್ದರೆ ವಾರವೆಲ್ಲ ನಮ್ಮನ್ನು ಆಡಿಕೊಳ್ಳುತ್ತಿದ್ದಳು.

ಕೂತಮ್ಮನ ವಿಷಯ ಕೇಳು. ಶಾಂತಿ ದೇವತೆ ಅಂತ ಕೆಲವರು ಹೇಳುತ್ತಾರಂತೆ. ಆ ರೂಪದಲ್ಲಿ ಕೂತಿರುವುದು ಅವನ ತಾಯಿ ಅಂತ ಬಹಳ ಜನ ಹೇಳುತ್ತಾರಂತೆ. ನಾವು ಇಷ್ಟು ಕಾಲ ಅವಳನ್ನು ಮದುವಣಗಿತ್ತಿ ಅಂದುಕೊಂಡಿದ್ದೆವು. ತಾಯಿಯಂತೆ ಮಲ್ಲೇಶ.

ಹೊರಡುವಾಗ ಆ ಗಾಯ ಯಾಕೆ ಅಂತ ಕೇಳಿದೆ. ಬೆಳ್ಳಿ ಒಳಗೂ ಇದೆಯೋ ಅಂತ ನಮ್ಮ ಕಡೆಯವರೇ ಹೊಡೆದು ನೋಡಿದ್ದಿರಬಹುದು, ಬೇರೆ ಕಾರಣವೂ ಇರಬಹುದು, ಖಚಿತವಾಗಿ ಯಾರಿಗೂ ಗೊತ್ತಿಲ್ಲ ಅಂದರು. ನಮ್ಮ ದೇಶದಲ್ಲಿ ಸಿಕ್ಕಿದ ರೋಮಿನ ಬೆಳ್ಳಿಯ ಮೇಲೆ ಈ ಥರ ಗಾಯ ಬಹಳ ಕಾಣುತ್ತದಂತೆ. "ಆ ಗಾಯಾನೇ ಇದರ ಸಾಕ್ಷಿ ಟೀಚರೇ" ಅಂದರು. ಆ ಸಾಕ್ಷಿಯನ್ನು ನಾನು ಹೋಳಿಗೆ ಕೊಟ್ಟು ಮುಚ್ಚಿಸಿದ್ದೆ.

ಅವ್ವ

*

ಶಿವಮೊಗ್ಗ
೨೧ ಅಕ್ಟೋಬರ್ ೨೦೨೪

ಅವ್ವ,

ನಿನ್ನ ಕಾಗದವನ್ನು ಪಕ್ಕದ ಹಾಸಿಗೆಯವನಿಗೂ ಓದಿ ಹೇಳಿದೆ. ಅವನು ಕುರಿ ಕದ್ದ ಕೇಸಿನವನು, ತೀರ್ಥಹಳ್ಳಿ ಕಡೆಯವನು. ಎಲ್ಲ ಕೇಳಿ, "ಅಲ್ಲ ಮಾರಾಯ, ಹಂಗಾರೆ ಆ ಅಮ್ಮ ಮಗ ಒಂದೇ ಬಿಲ್ಲೆ ಮೇಲೆ ಇದ್ದೂ ಒಬ್ರಿಗೊಬ್ರು ಕಾಣಂಗೇ ಇಲ್ವಲ್ಲ" ಅಂದ. ನಾನು ಚಿಕ್ಕವನಿದ್ದಾಗಿಂದ ಅದನ್ನು ತಿರುಗಿಸಿ ತಿರುಗಿಸಿ ಆಡಿದ್ದೇನೆ. ನನಗೆ ಒಮ್ಮೆಯೂ ಹಾಗೆ ಹೊಳೆದಿರಲಿಲ್ಲ.

ಲೋಹಿತನ ವಿಷಯಕ್ಕೆ ನೀನು ಸಂಕಟಪಡಬೇಡ. ಮದುವೆಯ ಮನೆಯಲ್ಲಿ ಹಳೆಯದನ್ನು ಹೊಸತು ಮಾಡಿಸದವರು ಯಾರು? ವ್ಯಾನಿಗೆ ನಾನೂ ಬಣ್ಣ ಹೊಡೆಸಬೇಕೆಂದಿದ್ದೆ.

ಒಂದು ಸಲ ಬೇಲು ನಿರಾಕರಿಸಿದ್ದಾರೆ. ಧರ್ಮೇಂದ್ರ ವಕೀಲರು ಇನ್ನೊಮ್ಮೆ ಹಾಕುತ್ತೇವೆ ಅಂದರು. ಷಡಕ್ಷರಪ್ಪನವರು ಅಸಲಿ ಅಂತ ಬರೆದುಕೊಟ್ಟರೆ ನಾನು ಮೋಸಗಾರ ಅಲ್ಲ ಅಂತಾಗುತ್ತದಲ್ಲವಾ? ಅವರನ್ನು ಕೇಳು. ಈ ಒಂದು ಸಲ ನನಗೆ ಆಸೆ ಬಂದಿದೆ.

ಶಾಲೆಯ ಮಕ್ಕಳನ್ನು ಈ ವರ್ಷ ಸಕ್ರೆಬೈಲಿಗೆ ಯಾರು ಕರೆದುಕೊಂಡು ಹೋದರು? ಆನೆ ಸ್ನಾನ ಮಾಡುವಾಗ ಮಕ್ಕಳು ನೀರಿಗೆ ಇಳಿಯದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ.

ಮಲ್ಲೇಶ

*

ಭದ್ರಾವತಿ
೬ ನವೆಂಬರ್ ೨೦೨೪

ಮಲ್ಲೇಶ,

ದೀಪಾವಳಿಗೆ ಬಾಗಿಲಿಗೆ ಹಣತೆ ಇಟ್ಟೆವು, ಅಷ್ಟೇ. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಧರ್ಮೇಂದ್ರರ ಕೈಯಲ್ಲಿ ಕಳಿಸುತ್ತಿದ್ದೇನೆ. ಹಿಂದಿನ ಕಾಗದಗಳಲ್ಲಿ ನಾನು ಬರೆದದ್ದನ್ನೆಲ್ಲ ಕೇಳಿ ಅವರು ಹಣೆ ಚಚ್ಚಿಕೊಂಡರು. "ಓದೋರು ಓದ್ಲಿ ಅಂತ ಬರೆದ್ರಾ? ಪುಣ್ಯಕ್ಕೆ ಯಾರೂ ಗಮನ ಕೊಟ್ಟಿಲ್ಲ. ಇನ್ನು ಬಿಲ್ಲೆ ವಿಷಯ ಅಂಚೇಲಿ ಒಂದು ಅಕ್ಷರ ಬರೀಬೇಡಿ" ಅಂದರು.

ನಿನ್ನ ಆಸೆಯ ವಿಷಯ ಅವರಿಗೆ ಹೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಅಮ್ಮ, ನಕಲಿ ಅಂದ್ರೆ ಮೋಸದ ಕೇಸು. ಮಾರಾಟ ಆಗಿಲ್ಲ, ಮೋಸ ಹೋದೋರು ಯಾರೂ ಇಲ್ಲ, ಬೇಲು ಸಿಗ್ತದೆ. ಅಸಲಿ ಅಂದ್ರೆ ಎಲ್ಲಿ ಸಿಕ್ತು ಅಂತ ಕೇಳ್ತಾರೆ. ಭೂಮೀಲಿ ಸಿಕ್ಕಿದ್ದನ್ನ ಸರ್ಕಾರಕ್ಕೆ ತಿಳಿಸ್ದೆ ಇಟ್ಕೊಂಡು ಮಾರಕ್ಕೆ ಹೋದ ಅಂತ ಇನ್ನೊಂದು ಕೇಸು ಬೀಳ್ತದೆ. ನಿಮ್ಮ ಮನೇನೂ ಅಗೀತಾರೆ." ಮುತ್ತಜ್ಜಿಯ ಕಾಲದ್ದು ಅಂದೆ. ಅದಕ್ಕೆ ಸಾಕ್ಷಿ ಯಾರು ಅಂದರು. ಸತ್ತ ಹೆಂಗಸರ ಹೆಸರುಗಳನ್ನೆಲ್ಲ ಹೇಳಿದೆ. ಅವರು ಪಾಪ ಕೊನೆಯವರೆಗೂ ಕೇಳಿಸಿಕೊಂಡರು.

ಹೀಗೆ ಅಂದರೆ ಹೀಗೆ ಸಿಕ್ಕಿಬೀಳುತ್ತೇವೆ, ಹಾಗೆ ಅಂದರೆ ಹಾಗೆ. ಮಕ್ಕಳಿಗೆ ನಿಜ ಹೇಳಿ ಅಂತ ಪಾಠ ಮಾಡಿದವಳು ಎಲ್ಲಿಗೆ ಹೋಗಿ ಕೇಳಲಿ? ಪೊಲೀಸರು ನನ್ನ ಹೇಳಿಕೆ ಬೇಕು ಅಂತ ಕರೆದಿದ್ದಾರೆ. ಅದು ಸಂತೆಯಲ್ಲಿ ಕೊಂಡ ಆಟದ ಬಿಲ್ಲೆ, ಮಗ ತಿಳಿಯದೆ ಒಯ್ದ ಅಂತ ಹೇಳಿ ಅಂದಿದ್ದಾರೆ ಧರ್ಮೇಂದ್ರ. ಬೇಲು ಬೇಗ ಆಗುತ್ತದಂತೆ. ಫೆಬ್ರವರಿಯಲ್ಲಿ ರಕ್ಷಾಳ ಮದುವೆ. ನೀನು ಮನೆಯಲ್ಲಿರಬೇಕು. ನನಗೆ ಬೇರೆ ಏನೂ ಬೇಡ.

ಅವ್ವ

*

ಭದ್ರಾವತಿ
೨೬ ನವೆಂಬರ್ ೨೦೨೪

ಮಲ್ಲೇಶ,

ಈ ಕಾಗದವೂ ಧರ್ಮೇಂದ್ರರ ಕೈಯಲ್ಲಿ ಬರುತ್ತಿದೆ. ನಾನು ಠಾಣೆಗೆ ಹೋಗಿ ಹೇಳಿಕೆ ಕೊಟ್ಟು ಬಂದೆ. ರಕ್ಷಾ ಜೊತೆಗೆ ಬಂದಿದ್ದಳು, ಕೈಹಿಡಿದು ಮೆಟ್ಟಿಲು ಹತ್ತಿಸಿದಳು. ಇನ್‌ಸ್ಪೆಕ್ಟರು ಕುರ್ಚಿ ಹಾಕಿಸಿ, "ನಮ್ಮ ಅಕ್ಕನೂ ಟೀಚರೇ" ಅಂದರು. ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ನಮ್ಮ ಮನೆಯ ಬಿಲ್ಲೆಗಳು ಒಂದೊಂದು ಚೀಟಿ ಕಟ್ಟಿಸಿಕೊಂಡು ಕೂತಿದ್ದವು.

"ಇವು ಏನಮ್ಮ?" ಅಂತ ಕೇಳಿದರು. ನಕಲಿ ಅನ್ನುವಾಗ ನನ್ನ ನಾಲಿಗೆ ತಡವರಿಸಿತು. ಇನ್ನೊಮ್ಮೆ ಕೇಳಿದರು. ಈ ಸಲ ಸರಿಯಾಗಿ ಹೇಳಿದೆ. ಸಂತೆಯಲ್ಲಿ ಕೊಂಡದ್ದು, ಮಕ್ಕಳು ಆಡಲಿ ಅಂತ. ಬರೆದುಕೊಂಡರು, ಸಹಿ ಹಾಕಿದೆ. ವಾಪಸು ಬರುವಾಗ ರಕ್ಷಾ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅವಳಿಗೆ ನಾನು ಬಿಡಿಸಿ ಹೇಳುವ ಹಾಗಿಲ್ಲ. ಹೊಸ ಮನೆಗೆ ಹೋಗುವ ಹುಡುಗಿ, ಅಲ್ಲಿ ಬಾಯಿ ತಪ್ಪಿದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ ಅಂತ ಧರ್ಮೇಂದ್ರ ಕಟ್ಟುನಿಟ್ಟಾಗಿ ಹೇಳಿದ್ದಾರೆ.

ಆದ್ದರಿಂದ ಅವು ನಕಲಿ. ನೀನೂ ತಿಳಿದುಕೋ.

ಅವ್ವ

*

ಶಿವಮೊಗ್ಗ
೧೯ ಡಿಸೆಂಬರ್ ೨೦೨೪

ಅವ್ವ,

ಬೇಲು ಸಿಕ್ಕಿತು ಅಂತ ಸುಮನಾ ಹೋಳಿಗೆಗೆ ಬೇಳೆ ನೆನೆಹಾಕಿದ್ದಳಂತೆ. ಅವಳಿಗೆ ಹೇಗೆ ಹೇಳುವುದೋ ತಿಳಿಯದೆ ನಿನಗೆ ಬರೆಯುತ್ತಿದ್ದೇನೆ.

ಗೇಟಿನ ಹತ್ತಿರ ಬಟ್ಟೆಯ ಗಂಟು ಹಿಡಿದು ನಿಂತಿದ್ದೆ. ಅಲ್ಲಿಗೆ ಪಕ್ಕದ ಜಿಲ್ಲೆಯ ಪೊಲೀಸರು ವಾರಂಟು ತಂದರು. ಅಲ್ಲಿ ಹೋದ ವರ್ಷ ಯಾರೋ ನಕಲಿ ನಾಣ್ಯ ಮಾರಿ ಮೋಸ ಮಾಡಿದ್ದಾರೆ, ಆಗ ಸಿಕ್ಕಿರಲಿಲ್ಲ. ನನ್ನನ್ನು ಲಾಡ್ಜಿಗೆ ಕರೆದವನ ಹೆಸರು ಅದರಲ್ಲಿದೆ. ಅವನ ಜೊತೆ ಇನ್ನೊಬ್ಬನಿದ್ದ ಅಂತಲೂ ಇದೆ. ನನ್ನ ಹತ್ತಿರ ಸಿಕ್ಕಿದ್ದೂ ನಕಲಿ ಅಂತ ಸ್ವಂತ ಮನೆಯವರೇ ಹೇಳಿದ್ದಾರಲ್ಲ, ಆ ಇನ್ನೊಬ್ಬ ನಾನೇ ಇರಬೇಕು ಅಂತ ಅವರ ಲೆಕ್ಕ. ಅವರನ್ನು ಬೈಯಲೂ ಬಾಯಿ ಬರುವುದಿಲ್ಲ. ಬರೆದದ್ದನ್ನು ಓದಿದರೆ ನನಗೂ ಹಾಗೇ ಅನಿಸುತ್ತದೆ.

ನಾಳೆ ಅಲ್ಲಿನ ಜೈಲಿಗೆ ಒಯ್ಯುತ್ತಾರೆ. ಇನ್ನು ನೀನು ಬಸ್ಸು ಹತ್ತಿ ಬರುವಷ್ಟು ಹತ್ತಿರವಲ್ಲ. ಅದೊಂದು ಸಮಾಧಾನ.

ಬೇಳೆ ಹಾಳು ಮಾಡಬೇಡಿ, ಸಾರಾದರೂ ಮಾಡಿ.

ಮಲ್ಲೇಶ

*

ಭದ್ರಾವತಿ
೩೦ ಡಿಸೆಂಬರ್ ೨೦೨೪

ಮಲ್ಲೇಶ,

ಇದನ್ನು ಧರ್ಮೇಂದ್ರರ ಕೈಯಲ್ಲೇ ಕಳಿಸುತ್ತಿದ್ದೇನೆ. ನಿನ್ನನ್ನು ಬಿಡಿಸಲು ಹೇಳಿದ ಮಾತು ನಿನ್ನನ್ನೇ ಕಟ್ಟಿಹಾಕಿತು. ನನಗೆ ಊಟ ಸೇರುತ್ತಿಲ್ಲ, ಸೇರಬಾರದು ಕೂಡ.

ನಾನು ಒಂದು ತೀರ್ಮಾನ ಮಾಡಿದ್ದೇನೆ. ನನ್ನ ಹತ್ತಿರ ಇರುವ ಗಾಯದ ಬಿಲ್ಲೆಯನ್ನು ತೆಗೆದುಕೊಂಡು ನ್ಯಾಯಾಧೀಶರ ಮುಂದೆ ಹೋಗುತ್ತೇನೆ. ಸುಳ್ಳು ಹೇಳಿದವಳು ನಾನು, ಇದು ಅಸಲಿ, ಮಿಕ್ಕ ನಾಲ್ಕೂ ಇದರ ಒಡಹುಟ್ಟಿದವು, ಮೆರುಗು ಹಾಕಿಸಿದ್ದೂ ನಾನೇ ಅಂತ ಹೇಳುತ್ತೇನೆ. ಲೋಹಿತ ಬಂದು ಹೇಳಲು ಒಪ್ಪಿದ್ದಾನೆ. ಷಡಕ್ಷರಪ್ಪನವರೂ ಒಪ್ಪಿದ್ದಾರೆ. ಅಸಲಿ ಅಂತ ಗೊತ್ತಾದರೆ ಆ ಪಕ್ಕದ ಜಿಲ್ಲೆಯ ಕೇಸು ಬಿದ್ದುಹೋಗುತ್ತದೆ. ಹಿತ್ತಾಳೆ ಮಾರುವವನ ಹತ್ತಿರ ರೋಮಿನ ಬೆಳ್ಳಿ ಯಾಕಿರುತ್ತದೆ?

"ಆಗ ನಿಮ್ಮನ್ನೇ ಒಂದನೇ ಆರೋಪಿ ಮಾಡ್ತಾರಮ್ಮ" ಅಂದರು ಧರ್ಮೇಂದ್ರ. "ಸುಳ್ಳು ಹೇಳಿಕೆ ಒಂದು, ನಿಧಿ ಮುಚ್ಚಿಟ್ಟಿದ್ದು ಇನ್ನೊಂದು." ಮಾಡಲಿ. ಬಿಲ್ಲೆ ಹೆಂಗಸರ ಮಡಿಲಿನದು, ಅದಕ್ಕೆ ಹೆಂಗಸೇ ಉತ್ತರ ಕೊಡಬೇಕು. ಆದರೆ ನಿನ್ನ ಒಪ್ಪಿಗೆ ಇಲ್ಲದೆ ಅರ್ಜಿ ಹಾಕಲಾರೆ ಅನ್ನುತ್ತಿದ್ದಾರೆ. ಒಂದು ಸಾಲು ಬರೆದುಕೊಡು. ಚಿಕ್ಕವನಿದ್ದಾಗ ಹೇಳಿದ ಮಾತು ಕೇಳುತ್ತಿದ್ದೆಯಲ್ಲ, ಇದೊಂದು ಕೇಳು.

ಅವ್ವ

*

೧೧ ಜನವರಿ ೨೦೨೫

ಅವ್ವ,

ಬರೆದುಕೊಡುವುದಿಲ್ಲ.

ಮೊನ್ನೆ ನನ್ನನ್ನು ಇಲ್ಲಿನ ಕೋರ್ಟಿಗೆ ತಂದಾಗ ಅಂಗಳದಲ್ಲಿ ಹೆಂಗಸರನ್ನು ತಂದ ವ್ಯಾನು ನಿಂತಿತ್ತು. ಅದರಿಂದ ಒಬ್ಬ ಅಜ್ಜಿಯನ್ನು ಇಳಿಸುತ್ತಿದ್ದರು. ಯಾವ ಕೇಸೋ ಗೊತ್ತಿಲ್ಲ, ನಿನ್ನ ವಯಸ್ಸು. ಮೆಟ್ಟಿಲು ಎತ್ತರ, ಕಾಲು ಎಟುಕುತ್ತಿಲ್ಲ. ಒಂದು ಕಾಲನ್ನು ಕೆಳಗೆ ಬಿಟ್ಟು ಹಾಗೇ ತೂಗಾಡುತ್ತ ನಿಂತಿದ್ದಳು. ನಾನು ವ್ಯಾನ್ ಡ್ರೈವರ್ ಅಲ್ಲವಾ ಅವ್ವ, ದಿನವೆಲ್ಲ ಮಕ್ಕಳನ್ನು ಎತ್ತಿ ಇಳಿಸಿದವನು, ಅಭ್ಯಾಸದಂತೆ ಎರಡೂ ಕೈ ಮುಂದೆ ಚಾಚಿದೆ. ಬೇಡಿ ಜಗ್ಗಿತು. ಜೊತೆಯ ಪೇದೆ, "ಏಯ್, ಎಲ್ಲಿಗೆ?" ಅಂದ. ಅಷ್ಟರಲ್ಲಿ ಯಾರೋ ಅವಳನ್ನು ಇಳಿಸಿದರು.

ವಕೀಲರ ಕೈಗೇ ಕೊಡುವ ಕಾಗದ, ಬಿಚ್ಚಿ ಬರೆಯುತ್ತೇನೆ. ನೀನು ಹೇಳಿದ್ದೆಲ್ಲ ಸರಿ. ಅಸಲಿ ಅಂತ ಗೊತ್ತಾದರೆ ನಾನು ಹೊರಗೆ ಬರಬಹುದು. ಬಂದು ನಿನ್ನನ್ನು ಯಾವ ಗೇಟಿನ ಹತ್ತಿರ ಹುಡುಕಲಿ? ನನ್ನ ಮೇಲೆ ಆಣೆ, ಆ ಬಿಲ್ಲೆಯನ್ನು ಯಾರಿಗೂ ತೋರಿಸಬೇಡ. ಇದು ಹೀಗೇ ನಿಧಾನಕ್ಕೆ ಮುಗಿಯಲಿ.

ನಾನು ಲಾಡ್ಜಿಗೆ ಕೇಳುವುದಕ್ಕೆ ಹೋಗಿದ್ದೆನೋ ಮಾರುವುದಕ್ಕೆ ಹೋಗಿದ್ದೆನೋ ಅಂತ ಎಲ್ಲರೂ ಕೇಳಿದರು. ನೀನು ಒಂದು ಸಲವೂ ಕೇಳಲಿಲ್ಲ. ಅದನ್ನು ನೆನೆದೇ ನನಗೆ ಇಲ್ಲಿ ನಿದ್ದೆ ಬರುತ್ತದೆ.

ಮದುವೆಗೆ ಒಂದು ದಿನ ಕಳಿಸಿಕೊಡಿ ಅಂತ ಅರ್ಜಿ ಹಾಕಿಸಿದ್ದೇನೆ. ಬಂದರೆ ಬಂದೆ.

ಮಲ್ಲೇಶ

*

ಹಳೇನಗರ, ಭದ್ರಾವತಿ
೧೬ ಫೆಬ್ರವರಿ ೨೦೨೫

ಮಲ್ಲೇಶ,

ರಕ್ಷಾಳ ಮದುವೆ ಆಯಿತು. ನಿನ್ನ ಅರ್ಜಿ ವಿಚಾರಣೆಗೆ ಬಂದದ್ದು ಮದುವೆಯ ಮಾರನೆಯ ದಿನ. ಮದುವೆ ಮುಗಿದಿರುವುದರಿಂದ ಅರ್ಜಿಗೆ ಅರ್ಥವಿಲ್ಲ ಅಂದರಂತೆ. ಧರ್ಮೇಂದ್ರ ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಈ ಕಾಗದವನ್ನೂ ಅವರ ಕೈಗೇ ಕೊಡುತ್ತಿದ್ದೇನೆ. ಒಯ್ಯಲಿ, ಬೇಜಾರಾದರೂ ಪರವಾಗಿಲ್ಲ.

ಗಂಡಿನ ಕಡೆಯವರು ಒಳ್ಳೆಯವರು. ಶಿವಶಂಕರಪ್ಪ, ನಿನ್ನ ಬೀಗರು, ತಂದೆಯ ಜಾಗದಲ್ಲಿ ಯಾರು ನಿಲ್ಲುತ್ತಾರೆ ಅಂತ ಬಾಯಿಬಿಟ್ಟು ಕೇಳಲಿಲ್ಲ. ಸುಮನಾಳ ಅಣ್ಣ ನಿಂತ. ನೀನು ಕೊಡಿಸಿದ ಹಸಿರು ಸೀರೆಯನ್ನೇ ರಕ್ಷಾ ಧಾರೆಗೆ ಉಟ್ಟಳು. ಚೆನ್ನಾಗಿ ಕಾಣುತ್ತಿದ್ದಳು. ಮೂಗು ನಿನ್ನದೇ.

ಹೊರಡುವ ಹೊತ್ತಿಗೆ ಅವಳನ್ನು ಒಳಗಿನ ಕೋಣೆಯಲ್ಲಿ ಮಣೆಯ ಮೇಲೆ ಕೂರಿಸಿ ಮಡಿಲು ತುಂಬಿದೆ. ಯಾರಿಗೂ ತೋರಿಸಬೇಡ ಅಂತ ನೀನು ಆಣೆ ಹಾಕಿದ್ದೆ. ತೋರಿಸಲಿಲ್ಲ. ಅಕ್ಕಿ ಹಾಕುವಾಗ ಮುಷ್ಟಿಯೊಳಗೆ ಇಟ್ಟುಕೊಂಡು ಹಾಕಿಬಿಟ್ಟೆ. ನಮ್ಮ ಮನೆಯಿಂದ ಬಿಲ್ಲೆ ಇಲ್ಲದೆ ಒಂದು ಹುಡುಗಿಯೂ ಹೊರಟಿಲ್ಲ. ನನ್ನ ಜೊತೆ ಮಣ್ಣಿಗೆ ಹೋಗಬೇಕಾದದ್ದು ಅವಳ ಜೊತೆ ಹೋಗಲಿ ಅನಿಸಿತು. ಮೂಗಪ್ಪನ ಗಾಯವನ್ನು ಈ ಸಲ ಮುಚ್ಚಿಸಲಿಲ್ಲ.

ಅವಳ ಬೆರಳಿಗೆ ಅದು ತಾಗಿತು. ಅಕ್ಕಿಯೊಳಗಿಂದ ತೆಗೆದು ನೋಡಿದಳು.

"ಅಜ್ಜಿ, ಇದು ಅದೇ ಅಲ್ವಾ?"

ನಾನು ಅವಳ ಮಡಿಲಿಗೆ ಇನ್ನೊಂದು ಹಿಡಿ ಅಕ್ಕಿ ಹಾಕಿದೆ.

"ಸಂತೇಲಿ ತಂದಿದ್ದು. ನೀವೇ ಹೇಳಿದ್ರಲ್ಲ, ನಾನು ಪಕ್ಕದಲ್ಲೇ ಇದ್ದೆ. ಇದ್ರಿಂದಾನೇ ಅಪ್ಪ ಇವತ್ತು ಇಲ್ಲಿಲ್ಲ. ಇದನ್ನ ತಗೊಂಡು ಆ ಮನೆಗೆ ಹ್ಯಾಗೆ ಹೋಗ್ಲಿ ಅಜ್ಜಿ?"

ಅವಳು ಕೋಪದಿಂದ ಹೇಳಲಿಲ್ಲ, ಅಳುತ್ತ ಹೇಳಿದಳು. ನನ್ನ ಬಾಯಿಯವರೆಗೂ ಬಂತು ಮಲ್ಲೇಶ. ಒಲೆಗೆ ಮಣ್ಣು ಅಗೆದ ಆ ಮುತ್ತಜ್ಜಿ, ಹಡಗು, ಮೆಣಸು, ತಾಯಿ, ಮಗ, ಎಲ್ಲ ಬಂತು. ಬಾಗಿಲ ಹೊರಗೆ ಅವಳ ಗಂಡ ಚಪ್ಪಲಿ ಹಾಕಿಕೊಂಡು ಕಾಯುತ್ತಿದ್ದ. ಒಂದು ಮಾತು ಹೇಳಿದರೆ ಅವಳು ಅದನ್ನು ಹೊತ್ತುಕೊಂಡು ಹೋಗಬೇಕು, ಜೀವಮಾನವೆಲ್ಲ ಬಾಯಿ ಬಿಗಿದುಕೊಂಡು ಇರಬೇಕು, ನನ್ನ ಹಾಗೆ. "ಹೌದು ಮಗಳೇ, ನಕಲಿ. ಮುದುಕಿಗೆ ಬುದ್ಧಿ ಇಲ್ಲ, ಕೊಡು ಇಲ್ಲಿ" ಅಂದೆ. ಠಾಣೆಯಲ್ಲಿ ಹೇಳುವಾಗ ತಡವರಿಸಿದ ನಾಲಿಗೆ ಈ ಸಲ ತಡವರಿಸಲಿಲ್ಲ. ಅವಳು ನನ್ನ ಕಾಲಿಗೆ ನಮಸ್ಕಾರ ಮಾಡಿ ಹೋದಳು. ಕಾರು ತಿರುಗುವವರೆಗೂ ಕೈಬೀಸಿದಳು.

ಬಿಲ್ಲೆ ಮತ್ತೆ ಜಗಲಿಯ ಮೇಲಿದೆ, ವಿಭೂತಿಗಟ್ಟಿಯ ಹಿಂದೆ. ಇನ್ನು ಅದನ್ನು ತೆಗೆದುಕೊಳ್ಳುವವರು ಯಾರೂ ಇಲ್ಲ. ನಾನೇ ಒಯ್ಯಬೇಕು, ಮೊದಲು ಅಂದುಕೊಂಡ ಹಾಗೆ. ನಮ್ಮವರಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುತ್ತಾರಲ್ಲ. ನನ್ನನ್ನು ಕೂರಿಸಿದಾಗ ಅದನ್ನು ನನ್ನ ಕೈಯಲ್ಲಿಟ್ಟು ಮುಚ್ಚಬೇಕು. ಇದನ್ನು ಹೇಳಿಡಬೇಕು ಅಂತ ಬೆಳಗಿನಿಂದ ಯೋಚನೆ ಮಾಡುತ್ತಿದ್ದೇನೆ. ಸುಮನಾಗೆ ಹೇಳುವ ಹಾಗಿಲ್ಲ, ಅವಳಿಗೂ ಅದು ನಕಲಿಯೇ. ರಕ್ಷಾಗಂತೂ ಇಲ್ಲ. ಈ ಬಿಲ್ಲೆ ಏನು ಅಂತ ತಿಳಿದು, ನನ್ನ ಕೈಗಿಡಬೇಕಾದವನು ನೀನೊಬ್ಬನೇ.

ಆ ಹೊತ್ತಿಗೆ ನೀನು ಹೊರಗಿರಬೇಕು ಮಲ್ಲೇಶ. ನಾನು ಕಾಯುತ್ತೇನೆ, ಎಷ್ಟು ಆಗುತ್ತದೋ ಅಷ್ಟು.

ನಿನ್ನ ಅವ್ವ,
ಜಗದಾಂಬಾ